ಎಂಟುನೂರು ಗ್ರಾಂ

ಯಾವ ಫಾರಮ್ಮಿನಲ್ಲೂ ಅದಕ್ಕೆ ಜಾಗವಿಲ್ಲ,
ಆದರೂ ಬರೆದಿಡುತ್ತೇನೆ:
ನಾನು ಬಟ್ಟೆ ಕತ್ತರಿಸುವ ಕತ್ತರಿ,
ರಾಣೆಬೆನ್ನೂರಿನಲ್ಲಿ ಅಪ್ಪ ಕೈಗಿಟ್ಟದ್ದು,
ಎಂಟುನೂರು ಗ್ರಾಂ.

ರೂವಿಯ ಹಮ್ರಿಯಾ ಗಲ್ಲಿಯಲ್ಲಿ
ಲಾಂಡ್ರಿಗೂ ಶವರ್ಮಾ ಅಂಗಡಿಗೂ ನಡುವೆ
ಎರಡು ಮಷೀನಿನ ಅಂಗಡಿ ನನ್ನದು.
ಒಂದು ಈಗಿಲ್ಲ. ಆಸ್ಪತ್ರೆಯ ಬಿಲ್ಲಿಗೆ ಹೋಯಿತು.
ಒಮಾನಿಗಳ ಬಿಳಿ ದಿಶ್‌ದಾಶಾ ಹೊಲಿಯುತ್ತೇನೆ,
ಕೊರಳಿಗೆ ಫುರಾಖಾ ಹೆಣೆಯುತ್ತೇನೆ,
ಅತ್ತರಿನಲ್ಲಿ ಅದ್ದುವ ಗೊಂಡೆ ಅದು.
ಟೇಬಲ್ಲಿನ ಕೆಳಗೆ ಚೂರುಬಟ್ಟೆಯ ರಾಶಿಯಲ್ಲಿ
ಮಗಳು ಗೋದಾವರಿ ಮಲಗುತ್ತಾಳೆ.
ಬಿಳಿಯೊಳಗೆ ಬಿಳಿ. ಹುಡುಕಬೇಕು.

ಇಪ್ಪತ್ತೊಂದು ದಿನಕ್ಕೊಮ್ಮೆ ಅವಳಿಗೆ ರಕ್ತ.
ಹದಿನೆಂಟನೆಯ ದಿನ ಮೆಟ್ಟಿಲ ಮೇಲೆ ಕೂತುಬಿಡುತ್ತಾಳೆ,
ಹತ್ತೊಂಬತ್ತಕ್ಕೆ ಜಡೆ ಹಾಕಲೂ ತಲೆ ಎತ್ತಳು.
ಓ ನೆಗೆಟಿವ್. ನನ್ನದಲ್ಲ, ಅವಳವ್ವನದೂ ಅಲ್ಲ.
'ಹೆತ್ತವರದ ಕೂಡಲಿಲ್ಲೇನು?' ಎಂದು ಊರಿನಿಂದ ಅತ್ತೆ.
ಕೂಡಲಿಲ್ಲ, ಅತ್ತಿ.

ಶುಕ್ರವಾರ ಗಾಲಾದ ಲೇಬರ್ ಕ್ಯಾಂಪುಗಳು.
ಹೆಗಲಿಗೆ ಟೇಪು, ಚೀಲದಲ್ಲಿ ಸೂಜಿ ದಾರ,
ಹರಿದದ್ದೆಲ್ಲ ತನ್ನಿ, ದುಡ್ಡು ಬೇಡ,
ನಿಮ್ಮ ರಕ್ತ ಯಾವ ಗುಂಪು?
ಜಿಪ್ಪು ಹಾಕುತ್ತ ಕೇಳಿದ್ದೇನೆ,
ದಾರದ ತುದಿ ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದ್ದೇನೆ.
ಮುನ್ನೂರು ಮಂದಿಯಲ್ಲಿ ನಾಲ್ವರು ಸಿಕ್ಕರು.
ಒಬ್ಬ ನೇಪಾಳಕ್ಕೆ ಹೋದ, ಒಬ್ಬನಿಗೆ ಕಾಮಾಲೆ,
ಒಬ್ಬ ನನ್ನನ್ನು ಕಂಡರೆ ಬಾತ್‌ರೂಮು ಸೇರುತ್ತಾನೆ.
ನಾಲ್ಕನೆಯವ ಸಾಯಿಲು.

ನಿಜಾಮಾಬಾದಿನ ಕಡೆಯವ, ಸೆಂಟ್ರಿಂಗ್ ಕೆಲಸ.
ಮಗುವಿನ ಹೆಸರು ಕೇಳಿ 'ಅರೆ, ನಮ್ಮ ನದಿ' ಎಂದ,
ಅಷ್ಟಕ್ಕೇ ಬಸ್ಸು ಹತ್ತಿ ಬಂದ.
ತೂಕ ನಲವತ್ತೆಂಟೂವರೆ.
ಐವತ್ತು ಇರಬೇಕು, ಎಂದಳು ನರ್ಸು, ಬೇಸರದಿಂದಲೇ.
ಅರ್ಧ ಲೀಟರು ನೀರು ಕುಡಿಸಿದೆ,
ಎರಡು ಬಾಳೆಹಣ್ಣು ತಿನ್ನಿಸಿದೆ.
ನಲವತ್ತೊಂಬತ್ತು ದಾಟಿ ಮುಳ್ಳು ನಿಂತುಬಿಟ್ಟಿತು.

ಟಾಯ್ಲೆಟ್ಟಿನ ಬಾಗಿಲ ಹಿಂದೆ,
ನಾನೇ ರಿಪೇರಿ ಮಾಡಿದ ಅವನ ಪ್ಯಾಂಟಿನ ಒಳಜೇಬಿಗೆ
ಕತ್ತರಿ ಇಳಿಸಿದೆ.
'ತಣ್ಣಗಿದೆ ಅನ್ನಾ' ಎಂದು ನಕ್ಕ.
ಮುಳ್ಳು ಅತ್ತಿತ್ತ ಹೊಯ್ದಾಡಿ ನಿಂತಿತು: ಐವತ್ತು.
ನರ್ಸು ಅಂಕಿ ನೋಡಿದಳು, ಅವನ ಮಣಿಕಟ್ಟು ನೋಡಿದಳು,
ನನ್ನ ಮುಖ ನೋಡಲಿಲ್ಲ.

ಆ ರಾತ್ರಿ ಮಗಳು ಎರಡು ಚಪಾತಿ ತಿಂದಳು,
ಮೆಟ್ಟಿಲು ಹತ್ತಿದಳು ಇಳಿದಳು ಹತ್ತಿದಳು
ಮೇಲಿನ ಮನೆಯವರು ಬೈಯುವವರೆಗೆ.
ಮರುದಿನ ಸೈಟಿನಲ್ಲಿ ಸಾಯಿಲು ಹಲಗೆಯಿಂದ ಬಿದ್ದ.
ಎತ್ತರವೇನಲ್ಲ, ಎಂದರು. ಬಿಸಿಲು, ಎಂದರು.
ಜುಲೈ ಅಲ್ಲವೇ, ಎಂದರು.
ನಾನೂ ಎಂದೆ: ಜುಲೈ.

ಡಾಕ್ಟರು ಹೊಸ ರಿಪೋರ್ಟು ಬಿಡಿಸಿ ಹೇಳಿದರು,
ಪರರ ರಕ್ತದ ಜೊತೆ ಬಂದ ಕಬ್ಬಿಣ
ಹೊರಗೆ ಹೋಗಲು ದಾರಿ ಕಾಣದೆ
ಅವಳ ಲಿವರಿನಲ್ಲಿ, ಗುಂಡಿಗೆಯಲ್ಲಿ ಕೂತಿದೆ.
ಎಷ್ಟು? ಎಂದೆ.
ಅವರು ಏನೋ ಅಂಕಿ ಹೇಳಿದರು.
ನನಗೆ ಕೇಳಿಸಿದ್ದು ಬೇರೆ.

ನಿನ್ನೆ ಅಂಗಡಿಗೆ ಬಂದಿದ್ದ, ಎಡಗಾಲು ತುಸು ಎಳೆಯುತ್ತ.
'ಪ್ಯಾಂಟು ಜಾರ್ತದೆ ಅನ್ನಾ, ಸೊಂಟ ಹಿಡಿದುಕೊಡು.'
ಟೇಪು ಸುತ್ತಿದೆ.
ಇಪ್ಪತ್ತೆಂಟು ಇದ್ದದ್ದು ಇಪ್ಪತ್ತಾರು.
ಅಳತೆಯನ್ನು ಬಾಯಿಬಿಟ್ಟು ಹೇಳುವುದು ನಮ್ಮ ಕಸುಬಿನ ರೂಢಿ.
ಹೇಳಲಿಲ್ಲ.

ಟೇಬಲ್ಲಿನ ಕೆಳಗಿಂದ ತೆವಳಿ ಬಂದ ಮಗಳು
ಅವನ ಅಂಗಿಯ ಜೇಬಿಗೆ ಕೈಹಾಕಿ ಶೇಂಗಾ ಹುಡುಕಿದಳು,
ಯಾವಾಗಲೂ ತರುತ್ತಾನೆ.
'ಮೂರು ತಿಂಗಳಾಯ್ತಲ್ಲ' ಎಂದ, ಅವಳ ತಲೆ ಸವರುತ್ತ,
'ಈ ಸಲ ಯಾವಾಗ?'

ಹದಿನೇಳನೆಯ ದಿನ ಅದು.
ಬೇಡ ಸಾಯಿಲು, ಎನ್ನಬೇಕು.
ನಾಲಿಗೆಯ ತುದಿಗೆ ಬಂದಿತ್ತು ಕೂಡ.
ಕೈ ಮಾತ್ರ ಪ್ಯಾಂಟನ್ನು ಒಳಮೈ ಹೊರಗೆ ತಿರುವಿ
ಜೇಬಿನ ಹೊಲಿಗೆಯ ಮೇಲೆ
ಇನ್ನೊಂದು ಹೊಲಿಗೆ ಹಾಕುತ್ತಿತ್ತು,
ಗಟ್ಟಿಯಾಗಿ,
ಈ ಸಲ ಎರಡು ಬೆರಳು ಆಳ ಬಿಟ್ಟು.